ತೆರಿಗೆಯ ಲೆಕ್ಕ ವರ್ಷಾರಂಭದ ಕೆಲಸ, ವರ್ಷಾಂತ್ಯದ್ದಲ್ಲ

2025ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಅನೇಕ ಬಡಾವಣೆಗಳ ಸಣ್ಣ ಅಂಗಡಿಗಳಿಂದ ಕ್ಯುಆರ್ ಕೋಡ್ ಫಲಕಗಳು ಒಂದೊಂದಾಗಿ ಮಾಯವಾದವು. ಅವುಗಳ ಜಾಗದಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಕೈಬರಹದ ಚೀಟಿಗಳು ಕಾಣಿಸಿಕೊಂಡವು. ಮಾಹಿತಿ ತಂತ್ರಜ್ಞಾನದ ರಾಜಧಾನಿ ಎಂದು ಕರೆಸಿಕೊಳ್ಳುವ ನಗರ ಹೀಗೆ ಚಿಲ್ಲರೆ ಹುಡುಕುವ ಕಾಲಕ್ಕೆ ಮರಳಿದ್ದರ ಕಾರಣ ಎಲ್ಲರಿಗೂ ತಿಳಿದದ್ದೇ. ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆಯು 2021-22ರಿಂದ 2024-25ರವರೆಗಿನ ಯುಪಿಐ ವಹಿವಾಟಿನ ದತ್ತಾಂಶವನ್ನು ಪಡೆದು, ನಿಗದಿತ ಮಿತಿಯನ್ನು ಮೀರಿಯೂ ಜಿಎಸ್‌ಟಿ ನೋಂದಣಿ ಮಾಡಿಸದ ಸಾವಿರಾರು ವರ್ತಕರಿಗೆ ನೋಟಿಸು ನೀಡಿತ್ತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷಗಳ 1.63 ಕೋಟಿ ರೂಪಾಯಿ ವಹಿವಾಟಿನ ಮೇಲೆ ಸುಮಾರು 29 ಲಕ್ಷ ರೂಪಾಯಿ ತೆರಿಗೆ ಕೇಳಲಾಗಿದೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಪ್ರಕಟವಾಗಿ ಆತಂಕವನ್ನು ಹೆಚ್ಚಿಸಿತು. ವರ್ತಕರು ಜುಲೈ 25ರಂದು ಬಂದ್ ಆಚರಿಸಲು ಸಿದ್ಧರಾದರು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ವರ್ತಕರ ಪ್ರತಿನಿಧಿಗಳ ಸಭೆ ಕರೆದು, ಹಳೆಯ ಬಾಕಿಗಾಗಿ ಒತ್ತಾಯಿಸುವುದಿಲ್ಲ, ಆದರೆ ಅರ್ಹರೆಲ್ಲರೂ ಇನ್ನು ಮುಂದೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದು ಹೇಳಿದ ಮೇಲೆ ಬಿರುಗಾಳಿ ತಣ್ಣಗಾಯಿತು.

ಆ ದಿನಗಳ ಚರ್ಚೆಯಲ್ಲಿ ಎರಡು ವಾದಗಳಷ್ಟೇ ಕೇಳಿಬಂದವು. ಬಡ ವರ್ತಕರ ಮೇಲೆ ಸರ್ಕಾರ ಗದಾಪ್ರಹಾರ ಮಾಡುತ್ತಿದೆ ಎಂಬುದು ಒಂದು. ಸಂಬಳದಾರರ ವೇತನದಿಂದ ಕೈಗೆ ಬರುವ ಮೊದಲೇ ತೆರಿಗೆ ಕಡಿತವಾಗುವಾಗ ಲಕ್ಷಾಂತರ ವಹಿವಾಟು ಮಾಡುವವರಿಗೇಕೆ ರಿಯಾಯಿತಿ ಎಂಬುದು ಇನ್ನೊಂದು. ಎರಡರಲ್ಲೂ ಸತ್ಯಾಂಶವಿದೆ. ಆದರೆ ಕೇಳಲೇಬೇಕಾಗಿದ್ದ ಮೂರನೆಯ ಪ್ರಶ್ನೆಯೊಂದು ಬದಿಗೆ ಸರಿಯಿತು. ನೋಟಿಸು ಪಡೆದ ವರ್ತಕನ ವಹಿವಾಟು ಮಿತಿಯನ್ನು ದಾಟಿದ ವರ್ಷದಲ್ಲೇ ಆತ ಮುಂದಾಲೋಚನೆಯಿಂದ ಒಂದು ನಿರ್ಧಾರ ಕೈಗೊಂಡಿದ್ದರೆ ಅವನಿಗೆ ತಗಲುತ್ತಿದ್ದ ತೆರಿಗೆ ಎಷ್ಟು? ಈ ಪ್ರಶ್ನೆಗೆ ಉತ್ತರ ಹುಡುಕಿದರೆ, ಸಣ್ಣ ವ್ಯಾಪಾರಿಯನ್ನು ನಲುಗಿಸುವುದು ಬಹುಪಾಲು ಸಂದರ್ಭಗಳಲ್ಲಿ ತೆರಿಗೆಯ ದರವಲ್ಲ, ತಡವಾಗಿ ಎಚ್ಚೆತ್ತುಕೊಳ್ಳುವ ಅಭ್ಯಾಸ ಎಂಬುದು ಮನವರಿಕೆಯಾಗುತ್ತದೆ.

ಮೊದಲು ಕಾನೂನಿನ ಸ್ಥೂಲ ರೂಪವನ್ನು ನೋಡೋಣ. ಕರ್ನಾಟಕದಲ್ಲಿ ಸರಕುಗಳನ್ನಷ್ಟೇ ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರಿದರೆ, ಸೇವೆ ಒದಗಿಸುವವರದು 20 ಲಕ್ಷ ಮೀರಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಮಿತಿ ದಾಟಿದ 30 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು, ಅದಕ್ಕೆ ಶುಲ್ಕವಿಲ್ಲ. ಹೀಗೆ ನೋಂದಾಯಿಸಿಕೊಂಡವರಲ್ಲಿ ಸರಕು ವ್ಯಾಪಾರಿಗಳು ಮತ್ತು ತಯಾರಕರು, ವಹಿವಾಟು ಒಂದೂವರೆ ಕೋಟಿ ರೂಪಾಯಿಯ ಒಳಗಿದ್ದರೆ, ಕಾಂಪೋಸಿಷನ್ ಯೋಜನೆಯನ್ನು, ಅಂದರೆ ರಾಜಿ ತೆರಿಗೆ ಪದ್ಧತಿಯನ್ನು ಆರಿಸಿಕೊಳ್ಳಬಹುದು. ಅಲ್ಲಿ ತೆರಿಗೆಯ ದರ ಕೇವಲ ಶೇ 1. ಮೂರು ತಿಂಗಳಿಗೊಮ್ಮೆ ಹಣ ಪಾವತಿಸಿ, ವರ್ಷಕ್ಕೊಂದು ರಿಟರ್ನ್ಸ್ ಸಲ್ಲಿಸಿದರೆ ಸಾಕು. ಪ್ರತಿಯಾಗಿ, ಗ್ರಾಹಕರಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ಖರೀದಿಯ ಮೇಲೆ ತೆತ್ತ ತೆರಿಗೆಯನ್ನು ಜಮೆ ಪಡೆಯುವಂತಿಲ್ಲ, ಹೊರರಾಜ್ಯಕ್ಕೆ ಮಾರುವಂತಿಲ್ಲ.

ಶೇ 18ರ ದರದ ಸರಕುಗಳನ್ನು ಮಾರುವ ಅಂಗಡಿಯೊಂದರ ವಾರ್ಷಿಕ ವಹಿವಾಟು 60 ಲಕ್ಷ ರೂಪಾಯಿ ಎಂದು ಭಾವಿಸೋಣ. ಸಕಾಲದಲ್ಲಿ ರಾಜಿ ಪದ್ಧತಿಗೆ ಸೇರಿದ್ದರೆ ಆತ ಕಟ್ಟಬೇಕಾದ ತೆರಿಗೆ ವರ್ಷಕ್ಕೆ 60 ಸಾವಿರ ರೂಪಾಯಿ, ತಿಂಗಳಿಗೆ ಐದು ಸಾವಿರ. ನೋಂದಣಿಯನ್ನೇ ಮಾಡಿಸದೆ ಇಲಾಖೆಯ ಕಣ್ಣಿಗೆ ಬಿದ್ದರೆ ಈ ರಿಯಾಯಿತಿ ದರವನ್ನು ಹಿಂದಿನ ವರ್ಷಗಳಿಗೆ ಹಕ್ಕಾಗಿ ಕೇಳುವಂತಿಲ್ಲ. ಸಾಮಾನ್ಯ ದರದಲ್ಲಿ ಅದೇ ವಹಿವಾಟಿಗೆ ವರ್ಷಕ್ಕೆ 10.80 ಲಕ್ಷ ರೂಪಾಯಿಯವರೆಗೆ ಬೇಡಿಕೆ ಬರಬಹುದು. ಜೊತೆಗೆ ಶೇ 18ರ ವಾರ್ಷಿಕ ಬಡ್ಡಿ ಮತ್ತು ದಂಡ. ನೂರಕ್ಕೆ ಹತ್ತು ರೂಪಾಯಿ ಉಳಿದರೂ ಆ ಅಂಗಡಿಯ ವರ್ಷದ ಲಾಭ ಆರು ಲಕ್ಷ. ತೆರಿಗೆಯ ಬೇಡಿಕೆಯೇ ಲಾಭವನ್ನು ನುಂಗಿ ಬಂಡವಾಳಕ್ಕೂ ಕೈಯಿಡುತ್ತದೆ. 60 ಸಾವಿರಕ್ಕೂ 10.80 ಲಕ್ಷಕ್ಕೂ ನಡುವಿನ ಅಂತರವನ್ನು ಸೃಷ್ಟಿಸಿದ್ದು ಒಂದು ಅರ್ಜಿ.

ಇನ್ನೂ ಸಣ್ಣ ಉದಾಹರಣೆ ಹಾಲಿನ ಬೂತಿನದು. ಪ್ಯಾಕೆಟ್ ಹಾಲಿಗೆ ಜಿಎಸ್‌ಟಿ ವಿನಾಯಿತಿ ಇದೆ. ಹಾಲನ್ನಷ್ಟೇ ಮಾರುವವನು ಎಷ್ಟು ಮಾರಿದರೂ ನೋಂದಣಿ ಬೇಕಿಲ್ಲ. ತರಕಾರಿ, ಹಣ್ಣುಗಳ ವಿಷಯದಲ್ಲೂ ಹಾಗೆಯೇ. ಆದರೆ ಬೂತಿನವನು ಪಕ್ಕದಲ್ಲಿ ಬಿಸ್ಕತ್ತು, ತಂಪು ಪಾನೀಯಗಳನ್ನೂ ಇಟ್ಟನೆಂದರೆ ಚಿತ್ರ ಬದಲಾಗುತ್ತದೆ. ಆಗ ಆತ ಕೇವಲ ವಿನಾಯಿತಿ ಸರಕು ಮಾರುವವನಲ್ಲ. 40 ಲಕ್ಷದ ಮಿತಿಯನ್ನು ಎಣಿಸುವಾಗ ಹಾಲಿನ ವಹಿವಾಟೂ ಸೇರುತ್ತದೆ. 45 ಲಕ್ಷದ ಹಾಲು, 5 ಲಕ್ಷದ ಬಿಸ್ಕತ್ತು ಮಾರಿದವನು ನೋಂದಾಯಿಸಿಕೊಳ್ಳಲೇಬೇಕು. ಅಷ್ಟು ಕೇಳಿದರೆ ಅನ್ಯಾಯವೆನಿಸುತ್ತದೆ. ಆದರೆ ರಾಜಿ ಪದ್ಧತಿಯಲ್ಲಿ ವ್ಯಾಪಾರಿಯು ಶೇ 1 ತೆರಿಗೆ ಕಟ್ಟಬೇಕಾದುದು ತೆರಿಗೆಗೆ ಒಳಪಡುವ ಸರಕಿನ ಮೇಲೆ ಮಾತ್ರ. ಅಂದರೆ ಈ ಬೂತಿನವನ ವರ್ಷದ ತೆರಿಗೆ ಐದು ಸಾವಿರ ರೂಪಾಯಿ! ಈ ಐದು ಸಾವಿರವನ್ನು ಅರಿಯದೆ ಅಥವಾ ಅರಿತೂ ಉಪೇಕ್ಷಿಸಿ, ಲಕ್ಷಗಳ ನೋಟಿಸಿಗೆ ನಿದ್ದೆಗೆಟ್ಟವರು ಆ ಜುಲೈನಲ್ಲಿ ಅನೇಕರಿದ್ದಿರಬೇಕು.

ರಾಜಿ ಪದ್ಧತಿ ಎಲ್ಲರಿಗೂ ಹಿತವೆಂದು ಭಾವಿಸುವುದೂ ತಪ್ಪು. ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶದಲ್ಲಿ ನಾಲ್ಕು ಲೇತ್ ಯಂತ್ರಗಳನ್ನಿಟ್ಟುಕೊಂಡು ಬಿಡಿಭಾಗ ತಯಾರಿಸುವ ಉದ್ಯಮಿಯನ್ನು ನೆನೆಯಿರಿ. ಆತನ ಗಿರಾಕಿ ಹತ್ತಿರದ ಹೊಸೂರಿನ ಕಾರ್ಖಾನೆ. ದೂರ ಅರ್ಧ ಗಂಟೆಯದಾದರೂ ಹೊಸೂರು ತಮಿಳುನಾಡು. ಒಂದೇ ಒಂದು ಸರಕು ಗಡಿ ದಾಟಿದರೂ ಆತ ರಾಜಿ ಪದ್ಧತಿಗೆ ಅನರ್ಹ. ಗಿರಾಕಿ ಪೀಣ್ಯದಲ್ಲೇ ಇದ್ದರೂ, ತಾನು ತೆತ್ತ ತೆರಿಗೆಯ ಜಮೆ ಸಿಗದ ಕಡೆಯಿಂದ ಆ ಕಂಪನಿ ಏಕೆ ಕೊಳ್ಳಬೇಕು? ಇಂಥವರಿಗೆ ಸಾಮಾನ್ಯ ನೋಂದಣಿಯೇ ಸೂಕ್ತ. ಮಿತಿಗಿಂತ ಕಡಿಮೆ ವಹಿವಾಟಿದ್ದರೂ ಸ್ವಯಂಪ್ರೇರಿತವಾಗಿ ನೋಂದಾಯಿಸಿಕೊಳ್ಳುವುದು ಲಾಭಕರ. ಇನ್ನು ನಮ್ಮ ದರ್ಶಿನಿಗಳ ಲೆಕ್ಕವೇ ಬೇರೆ. ಉಪಾಹಾರ ಗೃಹಗಳಿಗೆ ರಾಜಿ ಪದ್ಧತಿಯಲ್ಲೂ ದರ ಶೇ 5. ಸಾಮಾನ್ಯ ಪದ್ಧತಿಯಲ್ಲೂ ಖರೀದಿ ತೆರಿಗೆಯ ಜಮೆ ಇಲ್ಲದೆ ಶೇ 5. ಮೊದಲನೆಯದರಲ್ಲಿ ಮಾಲೀಕ ತನ್ನ ಜೇಬಿನಿಂದ ಕಟ್ಟಬೇಕು, ಎರಡನೆಯದರಲ್ಲಿ ಗ್ರಾಹಕನ ಬಿಲ್ಲಿನಲ್ಲಿ ತೋರಿಸಿ ಪಡೆಯಬಹುದು. ಕಾಗದಪತ್ರದ ಕೆಲಸ ಮಾತ್ರ ಹೆಚ್ಚು. ಒಂದೇ ಬೀದಿಯ ಮೂರು ಅಂಗಡಿಗಳಿಗೆ ಮೂರು ಉತ್ತರಗಳು. ಪಕ್ಕದವನು ಮಾಡಿದಂತೆ ತಾನೂ ಮಾಡುವುದು ತೆರಿಗೆಯ ವಿಷಯದಲ್ಲಿ ಜಾಣತನವಲ್ಲ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಇಲ್ಲಿ ಕಾಲದ ಪಾತ್ರ ಮುಖ್ಯವಾದುದು. ಈಗಾಗಲೇ ನೋಂದಣಿ ಇರುವವರು ರಾಜಿ ಪದ್ಧತಿಗೆ ಬದಲಾಗಬೇಕಾದರೆ ಆರ್ಥಿಕ ವರ್ಷ ಆರಂಭವಾಗುವ ಮುನ್ನವೇ, ಅಂದರೆ ಮಾರ್ಚ್ 31ರೊಳಗೆ ತಿಳಿಸಬೇಕು. ಏಪ್ರಿಲ್ ಎರಡನೆಯ ವಾರದಲ್ಲಿ ಜ್ಞಾನೋದಯವಾದರೆ ಇನ್ನೊಂದು ವರ್ಷ ಕಾಯಬೇಕು. ಹೀಗಾಗಿ ತೆರಿಗೆ ಯೋಜನೆ ಎಂದರೆ ಫೆಬ್ರುವರಿಯ ಕೊನೆಯಲ್ಲಿ ವಿಮೆ ಪಾಲಿಸಿ ಕೊಳ್ಳುವುದು ಎಂದು ನಾವು, ಅಂದರೆ ಸಂಬಳದಾರ ವರ್ಗ, ರೂಢಿಸಿಕೊಂಡಿರುವ ಕಲ್ಪನೆಯನ್ನು ವ್ಯಾಪಾರಿಗಳಿಗೆ ಅನ್ವಯಿಸಲಾಗದು. ಅವರಿಗೆ ಮುಖ್ಯ ತೀರ್ಮಾನಗಳೆಲ್ಲ ವರ್ಷದ ಹೊಸ್ತಿಲಲ್ಲೇ ಆಗಬೇಕು. ವರ್ಷ ಕಳೆದ ಮೇಲೆ ಉಳಿಯುವುದು ನಡೆದುಹೋದದ್ದರ ವರದಿಯಷ್ಟೇ.

ಆದಾಯ ತೆರಿಗೆಯತ್ತ ಹೊರಳಿದರೂ ಇದೇ ಪಾಠ. 1961ರ ಕಾಯ್ದೆಯ 44ಎಡಿ ಕಲಮಿನ ಮೂಲಕ ಪರಿಚಿತವಾದ ಅಂದಾಜು ಆದಾಯ ಯೋಜನೆಯ ಪ್ರಕಾರ, ಎರಡು ಕೋಟಿ ರೂಪಾಯಿವರೆಗೆ ವಹಿವಾಟಿರುವ ಸಣ್ಣ ಉದ್ದಿಮೆದಾರರು ಖರ್ಚುವೆಚ್ಚದ ಸವಿವರ ಲೆಕ್ಕ ನೀಡದೆ, ವಹಿವಾಟಿನ ಶೇ 8ರಷ್ಟನ್ನು ಆದಾಯವೆಂದು ಘೋಷಿಸಿ ತೆರಿಗೆ ಕಟ್ಟಬಹುದು. ಬ್ಯಾಂಕ್ ಅಥವಾ ಡಿಜಿಟಲ್ ಮಾರ್ಗದಲ್ಲಿ ಬಂದ ಹಣಕ್ಕೆ ಈ ಪ್ರಮಾಣ ಶೇ 6 ಮಾತ್ರ. ನಗದು ಸ್ವೀಕೃತಿ ಒಟ್ಟು ವಹಿವಾಟಿನ ಶೇ 5ನ್ನು ಮೀರದಿದ್ದರೆ ಮಿತಿ ಮೂರು ಕೋಟಿಗೆ ಏರುತ್ತದೆ. ನಿಜವಾದ ಲಾಭ ಇದಕ್ಕಿಂತ ಹೆಚ್ಚಿದ್ದರೆ ಅದನ್ನು ತೋರಿಸಬೇಕೆಂಬುದು ಬೇರೆ ಮಾತು. ಆದರೆ ದಿನಸಿ, ಕಿರಾಣಿಯಂಥ ಕಡಿಮೆ ಲಾಭದ ವ್ಯಾಪಾರಗಳಿಗೆ ಇದು ವರದಾನ.

ಈಗ ಒಂದು ಲೆಕ್ಕ. ಇಬ್ಬರು ದಿನಸಿ ವ್ಯಾಪಾರಿಗಳಿದ್ದಾರೆ. ಇಬ್ಬರ ವಹಿವಾಟೂ ವರ್ಷಕ್ಕೆ ಎರಡು ಕೋಟಿ ರೂಪಾಯಿ. ಒಬ್ಬ ಯುಪಿಐ ಮತ್ತು ಬ್ಯಾಂಕ್ ಮೂಲಕವೇ ಹಣ ಪಡೆಯುತ್ತಾನೆ. ಇನ್ನೊಬ್ಬ ಕ್ಯುಆರ್ ಫಲಕ ತೆಗೆದಿಟ್ಟು ನಗದನ್ನೇ ಪಡೆಯುತ್ತಾನೆ. ಮೊದಲನೆಯವನ ಅಂದಾಜು ಆದಾಯ 12 ಲಕ್ಷ. 2025-26ನೇ ಆರ್ಥಿಕ ವರ್ಷದಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟಿನಿಂದಾಗಿ ತೆರಿಗೆಯೇ ಇಲ್ಲ. ಎರಡನೆಯವನ ಅಂದಾಜು ಆದಾಯ 16 ಲಕ್ಷ. ಸೆಸ್ ಸೇರಿ ಅವನ ತೆರಿಗೆ 1,24,800 ರೂಪಾಯಿ. ‘ನಗದು ಮಾತ್ರ’ ಎಂಬ ಆ ಚೀಟಿಯ ಬೆಲೆ ಇಷ್ಟು! ಲೆಕ್ಕವನ್ನು ಪ್ರಾಮಾಣಿಕವಾಗಿ ತೋರಿಸುವವನಿಗೆ ನಗದು ದುಬಾರಿ. ಅದು ಅಗ್ಗವೆನಿಸುವುದು ವಹಿವಾಟನ್ನೇ ಮುಚ್ಚಿಡುವವನಿಗೆ ಮಾತ್ರ. ಮುಚ್ಚಿಡುವ ಆ ದಾರಿಯಾದರೂ ಎಷ್ಟು ಕಾಲ ತೆರೆದಿರುತ್ತದೆ? ಸಗಟು ವ್ಯಾಪಾರಿಯ ಬಿಲ್ಲು, ಬ್ಯಾಂಕಿನ ಖಾತೆ, ವಿದ್ಯುತ್ ಶುಲ್ಕ, ಮಳಿಗೆಯ ಬಾಡಿಗೆ ಎಲ್ಲವೂ ಎಲ್ಲೋ ಒಂದೆಡೆ ದಾಖಲಾಗುತ್ತಿರುವ ಕಾಲವಿದು.

ಈ ಯೋಜನೆಗೂ ತನ್ನದೇ ಷರತ್ತುಗಳಿವೆ. ಒಂದು ವರ್ಷ ಇದನ್ನು ಆರಿಸಿಕೊಂಡು, ನಂತರದ ಐದು ವರ್ಷಗಳ ಅವಧಿಯೊಳಗೆ ಹೊರಬಂದು ಕಡಿಮೆ ಲಾಭ ತೋರಿಸಿದರೆ, ಮುಂದಿನ ಐದು ವರ್ಷ ಮರಳಿ ಬರುವಂತಿಲ್ಲ. ಎಲ್‌ಎಲ್‌ಪಿ ಮಾದರಿಯ ಸಂಸ್ಥೆಗಳಿಗೆ, ಕಮಿಷನ್ ಮತ್ತು ದಲ್ಲಾಳಿ ವ್ಯವಹಾರಕ್ಕೆ ಇದು ಲಭ್ಯವಿಲ್ಲ. ‘ಪ್ರತಿಷ್ಠೆಗಿರಲಿ’ ಎಂದು ಅಣ್ಣತಮ್ಮಂದಿರು ಅಂಗಡಿಯನ್ನು ಎಲ್‌ಎಲ್‌ಪಿಯಾಗಿ ನೋಂದಾಯಿಸಿದರೆ, ಈ ಸೌಲಭ್ಯವೂ ಹೋಯಿತು, 12 ಲಕ್ಷದ ರಿಬೇಟೂ ಹೋಯಿತು. ಸಂಸ್ಥೆಯ ಲಾಭಕ್ಕೆ ಶೇ 30ರ ದರ. ಮುಂಗಡ ತೆರಿಗೆಯನ್ನು ಅಂದಾಜು ಯೋಜನೆಯವರು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಬಹುದು. ಉಳಿದವರು ಜೂನ್, ಸೆಪ್ಟೆಂಬರ್, ಡಿಸೆಂಬರ್ ಮತ್ತು ಮಾರ್ಚ್ 15ರ ನಾಲ್ಕು ಕಂತುಗಳನ್ನು ಪಾಲಿಸಬೇಕು. ಸಂಪೂರ್ಣ ಲೆಕ್ಕ ಇಡುವವರು ಗಮನಿಸಬೇಕಾದ ಇನ್ನೆರಡು ಸಂಗತಿಗಳಿವೆ. ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ ಹೊಸ ಯಂತ್ರಕ್ಕೆ ಆ ವರ್ಷ ಸವಕಳಿ ಅರ್ಧ ಮಾತ್ರ ಸಿಗುತ್ತದೆ. ಮಾರ್ಚ್‌ನಲ್ಲಿ ಆತುರಾತುರವಾಗಿ ಕೊಳ್ಳುವ ಯಂತ್ರವನ್ನು ಸೆಪ್ಟೆಂಬರ್‌ನಲ್ಲಿ ಕೊಂಡಿದ್ದರೆ ಪೂರ್ತಿ ಸಿಗುತ್ತಿತ್ತು. ನಷ್ಟವಾದ ವರ್ಷ ‘ತೆರಿಗೆಯೇ ಇಲ್ಲವಲ್ಲ’ ಎಂದು ರಿಟರ್ನ್ಸ್ ಸಲ್ಲಿಸದೆ ಗಡುವು ಮೀರಿದರೆ, ಆ ನಷ್ಟವನ್ನು ಮುಂದಿನ ವರ್ಷಗಳ ಲಾಭದೊಂದಿಗೆ ಸರಿದೂಗಿಸುವ ಹಕ್ಕು ಕೈತಪ್ಪುತ್ತದೆ. ಎರಡರಲ್ಲೂ ಹಣ ಕಳೆಯುವುದು ಕ್ಯಾಲೆಂಡರ್ ನೋಡದಿದ್ದುದರಿಂದ.

ತೆರಿಗೆ ಯೋಜನೆ ಎಂದೊಡನೆ ಕೆಲವರು ಹುಬ್ಬೇರಿಸುತ್ತಾರೆ. ಅದು ವಂಚನೆಯ ಸಭ್ಯ ಹೆಸರು ಎಂಬ ಶಂಕೆ ಅವರದು. ಈ ಗೊಂದಲವನ್ನು ಸುಪ್ರೀಂ ಕೋರ್ಟ್ 1985ರಷ್ಟು ಹಿಂದೆಯೇ ಮೆಕ್‌ಡೊವೆಲ್ ಪ್ರಕರಣದಲ್ಲಿ ಪರಿಶೀಲಿಸಿದೆ. ಕಾನೂನಿನ ಚೌಕಟ್ಟಿನೊಳಗಿನ ಯೋಜನೆ ಸಮ್ಮತ, ತೋರಿಕೆಯ ತಂತ್ರಗಳು ಯೋಜನೆಯ ಭಾಗವಾಗಲಾರವು ಎಂಬುದು ಆ ತೀರ್ಪಿನ ಸಾರ. ಒಂದೇ ಅಂಗಡಿಯ ವಹಿವಾಟನ್ನು 40 ಲಕ್ಷದೊಳಗೆ ಅಡಗಿಸಲೆಂದು ಹೆಂಡತಿಯ ಹೆಸರಿಗೊಂದು, ಮೈದುನನ ಹೆಸರಿಗೊಂದು ಕ್ಯುಆರ್ ಕೋಡ್ ಅಂಟಿಸುವುದು ಯೋಜನೆಯಲ್ಲ. ಅದು ತೋರಿಕೆಯ ತಂತ್ರ. ಶಾಸನವೇ ತೆರೆದಿಟ್ಟ ಎರಡು ಬಾಗಿಲುಗಳಲ್ಲಿ ತನಗೆ ಹೊಂದುವ ಬಾಗಿಲನ್ನು ಸಕಾಲದಲ್ಲಿ ಪ್ರವೇಶಿಸುವುದು ಯೋಜನೆ. ಮೊದಲನೆಯದಕ್ಕೆ ಕತ್ತಲೆ ಬೇಕು, ಎರಡನೆಯದಕ್ಕೆ ಬೆಳಕು. ಇಷ್ಟು ವ್ಯತ್ಯಾಸವನ್ನು ನೆನಪಿಟ್ಟರೆ ಸಾಕು.

ಆದರೆ ಬೆಳಗಿನ ಐದಕ್ಕೆ ಬಾಗಿಲು ತೆರೆದು ರಾತ್ರಿ ಹತ್ತಕ್ಕೆ ಮುಚ್ಚುವ ವ್ಯಾಪಾರಿಗೆ ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂಬ ಪ್ರಶ್ನೆ ನ್ಯಾಯವಾದುದು. ನಿಯಮ ಪಾಲನೆಯ ವೆಚ್ಚ ಸಣ್ಣವರ ಮೇಲೆಯೇ ಹೆಚ್ಚು ಭಾರವಾಗುತ್ತದೆ ಎಂಬುದು ಅರ್ಥಶಾಸ್ತ್ರದ ಪ್ರಾಥಮಿಕ ಪಾಠ. ನೂರು ಕೋಟಿಯ ಕಂಪನಿಗೂ ಅರವತ್ತು ಲಕ್ಷದ ಅಂಗಡಿಗೂ ಲೆಕ್ಕಪರಿಶೋಧಕರ ಶುಲ್ಕವಿದೆ. ಮೊದಲನೆಯದಕ್ಕೆ ಅದು ಸಾಗರದಲ್ಲಿ ಹನಿ, ಎರಡನೆಯದಕ್ಕೆ ಒಂದು ತಿಂಗಳ ಲಾಭ. ಆದ್ದರಿಂದ ಸಣ್ಣ ವ್ಯಾಪಾರಿಯಿಂದ ನಾವು ನಿರೀಕ್ಷಿಸಬೇಕಾದುದು ಕಾನೂನಿನ ಪಾಂಡಿತ್ಯವನ್ನಲ್ಲ, ನಾಲ್ಕು ಅಭ್ಯಾಸಗಳನ್ನು. ಮನೆಯ ಹಣಕ್ಕೂ ಅಂಗಡಿಯ ಹಣಕ್ಕೂ ಬೇರೆ ಬೇರೆ ಬ್ಯಾಂಕ್ ಖಾತೆ ಇರಲಿ. ಬಂಧುಗಳು ತೀರಿಸಿದ ಕೈಸಾಲ, ಚೀಟಿಯ ಹಣ ಎಲ್ಲವೂ ಅಂಗಡಿಯ ಕ್ಯುಆರ್ ಕೋಡಿಗೇ ಬಂದು ಬಿದ್ದರೆ ಅದು ವ್ಯಾಪಾರವಲ್ಲವೆಂದು ಮೂರು ವರ್ಷದ ನಂತರ ಸಾಬೀತುಪಡಿಸುವ ಹೊಣೆ ತನ್ನ ಮೇಲೆಯೇ ಬರುತ್ತದೆ. ಎರಡನೆಯದಾಗಿ, ಖರೀದಿಯ ಬಿಲ್ಲುಗಳನ್ನು ತಿಂಗಳುವಾರು ಜೋಡಿಸಿಡಲಿ. ಒಂದೇ ದಿನ ಒಬ್ಬರಿಗೆ ಹತ್ತು ಸಾವಿರ ರೂಪಾಯಿಗಿಂತ ಹೆಚ್ಚು ನಗದು ನೀಡಿದರೆ ಆ ಖರ್ಚು ಲೆಕ್ಕಕ್ಕೆ ಸಿಗದೆಂಬುದು ನೆನಪಿರಲಿ. ಮೂರನೆಯದಾಗಿ, ಪ್ರತಿ ಮೂರು ತಿಂಗಳಿಗೊಮ್ಮೆ ವಹಿವಾಟಿನ ಮೊತ್ತ ಕೂಡಿ, ಯಾವ ಗೆರೆಯ ಸಮೀಪ ಬಂದಿದ್ದೇವೆ ಎಂದು ನೋಡಲಿ. ನಾಲ್ಕನೆಯದಾಗಿ, ತೆರಿಗೆ ಸಲಹೆಗಾರರನ್ನು ನೋಟಿಸು ಹಿಡಿದು ಕಾಣುವ ಬದಲು ಮಾರ್ಚ್ ಆರಂಭದಲ್ಲೊಮ್ಮೆ ಕಾಣಲಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಕೆಲಸಕ್ಕೆ ಯಾವ ಆಡಿಟರೂ ಕಡಿಮೆ ಶುಲ್ಕ ಪಡೆಯುವುದಿಲ್ಲ.

ದೀಪಾವಳಿಯಲ್ಲಿ ಕಿರ್ದಿ ಖಾತೆಯ ಪುಸ್ತಕಗಳಿಗೆ ಅರಿಸಿನ ಕುಂಕುಮವಿಟ್ಟು ಪೂಜಿಸುವ ಸಂಪ್ರದಾಯ ನಮ್ಮ ವರ್ತಕ ಸಮುದಾಯದಲ್ಲಿ ಇಂದಿಗೂ ಇದೆ. ಲೆಕ್ಕವನ್ನು ಲಕ್ಷ್ಮಿಯ ಪಕ್ಕದಲ್ಲಿ ಕೂರಿಸಿದ ಆ ಹಿರಿಯರು ಪ್ರತಿ ರಾತ್ರಿ ಕಿರ್ದಿ ಬರೆಯದೆ ಅಂಗಡಿಯ ಬೀಗ ಹಾಕುತ್ತಿರಲಿಲ್ಲ. ಪೂಜೆ ಉಳಿದು ಬರೆಯುವ ಅಭ್ಯಾಸ ಹೋದದ್ದು ನಮ್ಮ ಕಾಲದ ದುರಂತ. ಮೊಬೈಲ್ ಫೋನೇ ದಿನದ ಲೆಕ್ಕ ಹೇಳುವ ಈ ಹೊತ್ತಿನಲ್ಲಿ ಅದನ್ನು ಮರಳಿ ರೂಢಿಸಿಕೊಳ್ಳುವುದು ಕಷ್ಟವೇನಲ್ಲ.

ಲೆಕ್ಕ ಇಡುವುದರಿಂದ ದೊರೆಯುವ ಪ್ರಯೋಜನ ತೆರಿಗೆಯ ಉಳಿತಾಯದಲ್ಲಿ ಮುಗಿಯುವುದಿಲ್ಲ. ಬ್ಯಾಂಕಿನಲ್ಲಿ ಸಾಲ ಕೇಳಿದಾಗ ವ್ಯವಸ್ಥಾಪಕರು ಮೊದಲು ಕೇಳುವುದೇ ಹಿಂದಿನ ಎರಡು ಮೂರು ವರ್ಷಗಳ ರಿಟರ್ನ್ಸ್. ವರ್ಷಕ್ಕೆ ಅರವತ್ತು ಲಕ್ಷ ವಹಿವಾಟಿದ್ದರೂ ಕಾಗದದ ಮೇಲೆ ಅಸ್ತಿತ್ವವೇ ಇಲ್ಲದ ವ್ಯಾಪಾರಿ ಕೊನೆಗೆ ಮೀಟರ್ ಬಡ್ಡಿಯವನ ಬಾಗಿಲಿಗೇ ಹೋಗಬೇಕು. ಅಲ್ಲಿ ಅವನು ತೆರುವ ಬಡ್ಡಿ, ತಪ್ಪಿಸಿಕೊಂಡ ತೆರಿಗೆಯನ್ನು ಕೆಲವೇ ತಿಂಗಳುಗಳಲ್ಲಿ ಮೀರಿಸುತ್ತದೆ. ಉದ್ಯಮ್ ನೋಂದಣಿ ಪಡೆದ ಸೂಕ್ಷ್ಮ ಮತ್ತು ಸಣ್ಣ ತಯಾರಕರಿಗೆ ಇನ್ನೊಂದು ರಕ್ಷಣೆಯೂ ಇದೆ. ಅವರಿಗೆ ಕೊಡಬೇಕಾದ ಹಣವನ್ನು ಖರೀದಿದಾರರು ಒಪ್ಪಂದವಿದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನಗಳೊಳಗೆ ಕೊಡಬೇಕು. 2023-24ನೇ ಆರ್ಥಿಕ ವರ್ಷದಿಂದ, ಹೀಗೆ ಕೊಡದೆ ಬಾಕಿ ಉಳಿಸಿಕೊಂಡ ಕಂಪನಿಗೆ ನಿಜವಾಗಿ ಹಣ ಕೊಟ್ಟ ವರ್ಷದವರೆಗೆ ಆ ಖರ್ಚನ್ನು ಆದಾಯದಿಂದ ಕಳೆಯಲು ಅವಕಾಶವಿಲ್ಲ. ಪೀಣ್ಯದ ಸಣ್ಣ ಘಟಕಗಳನ್ನು ದಶಕಗಳಿಂದ ಕಾಡಿದ ಬಾಕಿಯ ಪಿಡುಗಿಗೆ ತೆರಿಗೆ ಕಾನೂನೇ ನೀಡಿದ ಅಸ್ತ್ರ ಇದು. ತನ್ನ ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಮುದ್ರಿಸದವನಿಗೆ ಅದು ಬಳಕೆಗೆ ಬಾರದು.

ಇಷ್ಟು ಹೇಳಿದ ಮೇಲೆ ಸರ್ಕಾರದ ಹೊಣೆಯನ್ನು ಮರೆತರೆ ಅದು ಏಕಪಕ್ಷೀಯ ಮಾತಾಗುತ್ತದೆ. ಆಡಳಿತದಲ್ಲಿ ದೀರ್ಘಕಾಲ ಕಳೆದವರಿಗೆ ತಿಳಿದ ಸತ್ಯವೊಂದಿದೆ: ಮಾಹಿತಿ ಇಲಾಖೆಯ ಕೈಗೆ ಬೇಗ ಬರುತ್ತದೆ, ಅದು ಪ್ರಜೆಯನ್ನು ತಲುಪುವುದು ನೋಟಿಸಿನ ರೂಪದಲ್ಲಿ, ತಡವಾಗಿ. 2021-22ರಲ್ಲಿ ಮಿತಿ ದಾಟಿದವನಿಗೆ 2022ರಲ್ಲೇ ‘ನಿಮ್ಮ ವಹಿವಾಟು 40 ಲಕ್ಷ ಮೀರಿದಂತೆ ಕಾಣುತ್ತಿದೆ; ನೋಂದಣಿ ಮಾಡಿಸಿ, ರಾಜಿ ಪದ್ಧತಿಯಲ್ಲಿ ಶೇ 1ರ ದರ ಲಭ್ಯ’ ಎಂದು ಕನ್ನಡದಲ್ಲಿ ಎರಡು ಸಾಲಿನ ಸಂದೇಶ ಹೋಗಿದ್ದರೆ 2025ರ ಜುಲೈನ ಗೊಂದಲದ ಬಹುಭಾಗ ತಪ್ಪುತ್ತಿತ್ತು. ನಾಲ್ಕು ವರ್ಷ ಮೌನವಾಗಿದ್ದು ಐದನೆಯ ವರ್ಷ ಬಡ್ಡಿಸಹಿತ ಬಾಕಿ ಕೇಳುವುದು ಕಾನೂನಿನ ದೃಷ್ಟಿಯಿಂದ ಸರಿಯಿರಬಹುದು. ಆಡಳಿತದ ದೃಷ್ಟಿಯಿಂದ ವಿವೇಕವೆನಿಸದು. ವಿನಾಯಿತಿ ಇರುವ ತರಕಾರಿ ವ್ಯಾಪಾರಿಗೂ ಬೆಚ್ಚಿಬೀಳಿಸುವ ಮೊತ್ತದ ಪತ್ರ ಹೋಯಿತೆಂದರೆ, ಏನು ಮಾರುತ್ತಾನೆಂದು ಕೇಳುವ ಮೊದಲು ಎಷ್ಟು ಹಣ ಬಂತೆಂದು ನೋಡಲಾಯಿತು ಎಂದೇ ಅರ್ಥ. ದತ್ತಾಂಶವನ್ನು ಬಲೆಯಂತೆ ಬಳಸುವ ಮೊದಲು ದೀಪದಂತೆ ಬಳಸಬಹುದು. ವಹಿವಾಟು 30 ಲಕ್ಷ ತಲುಪಿದಾಗಲೇ ಎಚ್ಚರಿಕೆ ನೀಡುವುದು, ಮಾರುಕಟ್ಟೆ ಪ್ರದೇಶಗಳಲ್ಲಿ ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ನೋಂದಣಿ ಶಿಬಿರ ನಡೆಸುವುದು, ಅರ್ಜಿ ತುಂಬಲು ನೆರವಾಗುವ ಸಿಬ್ಬಂದಿಯನ್ನು ವರ್ತಕರ ಸಂಘಗಳ ಕಚೇರಿಗೆ ಕಳುಹಿಸುವುದು ದುಬಾರಿ ಕೆಲಸಗಳಲ್ಲ. ಆ ಗಲಾಟೆಯ ಬಳಿಕ ಇಲಾಖೆಯೇ ಜಾಗೃತಿ ಕಾರ್ಯಕ್ರಮಗಳನ್ನು ನಡೆಸಿತು. ಅವು ಬಿಕ್ಕಟ್ಟಿನ ಕಾಲದ ಉಪಚಾರವಾಗದೆ ಪ್ರತಿವರ್ಷದ ಪದ್ಧತಿಯಾಗಬೇಕು.

ಗ್ರಾಹಕರಾದ ನಮ್ಮ ಪಾಲೂ ಇದರಲ್ಲಿದೆ. ‘ಬಿಲ್ ಬೇಡ, ಎಷ್ಟು ಕಡಿಮೆ ಮಾಡುತ್ತೀರಿ?’ ಎಂದು ಕೇಳುವ ವಿದ್ಯಾವಂತರು, ಮನೆಗೆ ಬಂದು ದೇಶದ ತೆರಿಗೆ ಸಂಸ್ಕೃತಿಯ ಬಗ್ಗೆ ಮರುಗುವುದರಲ್ಲಿ ಅರ್ಥವಿಲ್ಲ. ನಮ್ಮ ಮನೆಯ ಎದುರಿನ ಅಂಗಡಿಯವರ ಮಗಳೋ ಮಗನೋ ಬಿ.ಕಾಂ. ಓದುತ್ತಿರುವ ಕಾಲವಿದು. ತರಗತಿಯಲ್ಲಿ ಕಲಿತ ಜಿಎಸ್‌ಟಿಯನ್ನು ಸ್ವಂತ ಅಂಗಡಿಯ ಗಲ್ಲಾದ ಮುಂದೆ ಕೂತು ಲೆಕ್ಕ ಹಾಕುವಂತೆ ಆ ಮಕ್ಕಳನ್ನು ನಮ್ಮ ಕಾಲೇಜುಗಳು ಪ್ರೇರೇಪಿಸಿದರೆ, ಯಾವ ಸರ್ಕಾರಿ ಶಿಬಿರಕ್ಕಿಂತ ಹೆಚ್ಚಿನ ಕೆಲಸವಾಗುತ್ತದೆ.

ಕಾಯ್ದೆಗಳು ಬದಲಾಗುತ್ತಿರುತ್ತವೆ. 1961ರ ಆದಾಯ ತೆರಿಗೆ ಕಾಯ್ದೆಯ ಸ್ಥಾನದಲ್ಲಿ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಸಂಸತ್ತು 2025ರಲ್ಲಿ ಹೊಸ ಕಾಯ್ದೆಯನ್ನು ಅಂಗೀಕರಿಸಿತು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಪರಿಷ್ಕೃತವಾದವು. ಕಲಮುಗಳ ಸಂಖ್ಯೆ ಬದಲಾದರೂ, ದರಗಳು ಏರಿಳಿದರೂ ಬದಲಾಗದ ಒಂದು ನಿಯಮವಿದೆ: ಆಯ್ಕೆಯ ಅವಕಾಶ ಮುಂಚೆ ಬಂದವನಿಗೆ, ದಂಡ ತಡವಾಗಿ ಬಂದವನಿಗೆ. ಪ್ರತಿ ಯುಗಾದಿಯಂದು ನಾವು ಪಂಚಾಂಗ ಶ್ರವಣದಲ್ಲಿ ನಮ್ಮ ನಮ್ಮ ರಾಶಿಯ ಆಯ ಎಷ್ಟು, ವ್ಯಯ ಎಷ್ಟು ಎಂದು ಕಿವಿಗೊಟ್ಟು ಕೇಳುತ್ತೇವೆ. ಆರ್ಥಿಕ ವರ್ಷವೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಆರಂಭವಾಗುತ್ತದೆ. ಆ ಸಂಜೆ ಸಣ್ಣ ವ್ಯಾಪಾರಿ ತನ್ನ ಅಂಗಡಿಯ ಆಯವ್ಯಯವನ್ನೂ ಒಂದು ಗಂಟೆ ಕೂತು ಓದಿಕೊಂಡರೆ, ವರ್ಷದುದ್ದಕ್ಕೂ ಅಂಚೆಯವನ ಸೈಕಲ್ ಗಂಟೆಗೆ ಬೆಚ್ಚಬೇಕಾದ ಅಗತ್ಯ ಬರಲಾರದು.